ಬೆಂಗಳೂರಿನಿಂದ ಎಕ್ಸ್‌ಪರ್ಟ್ ಕರೆಸಿದರೆ ಉಪಯೋಗ ಇದೆಯಾ? ಅನುಭವ ಇದ್ದವರು ಹೇಳಿ

ಮಂಡ್ಯದ_ಹುಡುಗ: ಮಂಡ್ಯದಲ್ಲಿ ನಮ್ಮದೊಂದು ಚಿಕ್ಕ ತರಬೇತಿ ಕೇಂದ್ರ ಇದೆ. ಗ್ರಾಫಿಕ್ಸ್, ವಿಡಿಯೋ ಎಡಿಟಿಂಗ್ ಕಲಿಸುತ್ತೇವೆ. ಫೀಲ್ಡಿನಲ್ಲಿ ಇರುವವರನ್ನೇ ತಿಂಗಳಿಗೆ ಎರಡು ಸಲ ಕರೆಸಬೇಕು ಅಂತಿದ್ದೇನೆ. ಎಷ್ಟು ಕೊಡಬೇಕು?

ಕೀಫ್ರೇಮ್_ಕುವೆಂಪುನಗರ: ಹೋದ ವರ್ಷ ಬೆಂಗಳೂರಿನ ಅನಿಮೇಟರ್ ಒಬ್ಬರನ್ನು ಕರೆಸಿದ್ದೆ. ಲೆಕ್ಕ ಕೇಳಿ. ಕಾರು 5,200. ರೂಮು 2,800. ಸಂಭಾವನೆ 12,000. ಟೋಲು, ದೋಸೆ, ಕಾಫಿ ಸೇರಿ 1,340. ಒಟ್ಟು 21,340. ಪಾಠ? ಎರಡು ಗಂಟೆ ಅವರದೇ ಶೋರೀಲ್, ಅಂದರೆ ತಮ್ಮ ಹಳೇ ಕೆಲಸದ ತುಣುಕು ತೋರಿಸಿದ್ದು. ಮಧ್ಯಾಹ್ನ ಫೈಲ್ ತೆರೆದರೆ ನಮ್ಮ 8 ಜಿಬಿ ಸಿಸ್ಟಮ್‌ಗಳೆಲ್ಲ ಹ್ಯಾಂಗ್. ಮೂರು ಗಂಟೆಗೆ ಕರೆಂಟೂ ಹೋಯಿತು. ಮಕ್ಕಳಿಗೆ ಇವತ್ತಿಗೂ ನೆನಪಿರುವುದು ಅವರ ಶೂ ಮಾತ್ರ.

ಶನಿವಾರದ_ಎಡಿಟರ್: ಸಿಸ್ಟಮ್ ಹ್ಯಾಂಗ್ ಆದರೆ ಅದು ಅವರ ತಪ್ಪಾ ಸರ್? ನಾನು ಮೈಸೂರಿನಲ್ಲೇ ಕಲಿತವಳು. ಎಂಟು ತಿಂಗಳು ಬರೀ ಟ್ರಾನ್ಸಿಷನ್ (ಒಂದು ಶಾಟಿನಿಂದ ಇನ್ನೊಂದಕ್ಕೆ ಹೋಗುವ ಎಫೆಕ್ಟ್) ಹಾಕಿಸಿದರು. ಆಮೇಲೆ ಶನಿವಾರ ಶನಿವಾರ ಮದುವೆ ವಿಡಿಯೋ ಮಾಡುವವರೊಬ್ಬರು ಬರತೊಡಗಿದರು. ಮೇಜಿನ ಮೇಲೆ ಮೂರು ಮೆಮೊರಿ ಕಾರ್ಡು ಇಟ್ಟು, "ಧಾರೆ ಶಾಟ್ ಹುಡುಕು, ಓಲಗದ ಸೌಂಡ್ ಸಿಂಕ್ ಮಾಡು, ಮೊದಲು ಬ್ಯಾಕಪ್ ತಗೋ" ಅಂದರು. ನಾನು ಬ್ಯಾಕಪ್ ಮರೆತೆ. ಎಲ್ಲರ ಮುಂದೆ ಬೈದರು, ಅತ್ತುಬಿಟ್ಟೆ. ಇವತ್ತು ಅನ್ನ ಹಾಕುತ್ತಿರುವುದು ಆ ಶನಿವಾರಗಳೇ.

ಕೀಫ್ರೇಮ್_ಕುವೆಂಪುನಗರ: ಮದುವೆ ವಿಡಿಯೋದವರು ಇಂಡಸ್ಟ್ರಿ ಎಕ್ಸ್‌ಪರ್ಟಾ?

ಶನಿವಾರದ_ಎಡಿಟರ್: ನಿಮ್ಮ ಶೂ ಸಾಹೇಬರಿಗಿಂತ ಹೌದು.

ಬೀಟೆಮರ: ನಮ್ಮಪ್ಪ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನಲವತ್ತು ವರ್ಷ ಇನ್ಲೇ ಕೆಲಸ (ಬೀಟೆ ಹಲಗೆಯಲ್ಲಿ ಬೇರೆ ಬಣ್ಣದ ಮರದ ಚೂರು ಕೂರಿಸಿ ಚಿತ್ರ ಮಾಡುವುದು) ಮಾಡಿದವರು. ಒಂದು ಸಂಸ್ಥೆ "ಉದ್ಯಮ ತಜ್ಞರು" ಅಂತ ಕರೆಯಿತು. ದಿನಕ್ಕೆ 1,000 ಅಂತ ಮಾತು. ಆರು ದಿನ ಹೋದರು. ಬೀಟೆ ಹಲಗೆ ನಮ್ಮದು, ಗರಗಸದ ಬ್ಲೇಡೂ ನಮ್ಮದು. ನೂಲಿನಷ್ಟು ಸಣ್ಣ ಬ್ಲೇಡು, ಹೊಸಬರ ಕೈಯಲ್ಲಿ ಎರಡು ಡಜನ್ ಮುರಿಯಿತು. ದುಡ್ಡಿಗೆ ಏಳು ತಿಂಗಳು ಅಲೆದಾಟ. ಪಾನ್ ಕಾರ್ಡ್ ಕೇಳಿದರು, ಆಮೇಲೆ ಡಿಗ್ರಿ ಸರ್ಟಿಫಿಕೇಟ್. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ಕೊನೆಗೆ "ಸಹಾಯಕ" ಅಂತ ಬರೆದು ದಿನಕ್ಕೆ 400 ಹಾಕಿದರು.

ಅಗ್ರಹಾರ_ಸರ್ಕಲ್: ಪಿಎಂ ವಿಶ್ವಕರ್ಮಕ್ಕೆ ಅರ್ಜಿ ಹಾಕಿಸಿ, ಕುಶಲಕರ್ಮಿಗಳಿಗೆ ಕೇಂದ್ರ ಸರ್ಕಾರದ ಯೋಜನೆ ಅದು. ತರಬೇತಿಗೆ ದಿನಕ್ಕೆ 500, ಸಲಕರಣೆಗೆ 15,000 ಇದೆ.

ಬೀಟೆಮರ: 2023ರಲ್ಲಿ ಶುರುವಾದಾಗಲೇ ನೋಡಿದೆ. 18 ಕಸುಬಿನ ಪಟ್ಟಿಯಲ್ಲಿ ಇನ್ಲೇ ಅಂತ ಹೆಸರೇ ಇಲ್ಲ. ಬಡಗಿ ಅಂತ ಬರೆಸಬೇಕು. ಅಪ್ಪ ಒಪ್ಪಲಿಲ್ಲ. ಅಲ್ಲದೆ ಆ 500 ಕಲಿಯಲು ಬರುವವರಿಗೆ. ಎಪ್ಪತ್ತರ ವಯಸ್ಸಿನಲ್ಲಿ ಅಪ್ಪ ಹೋಗಿ ಕಲಿಯಲು ಕೂರಬೇಕಾ?

ಅಗ್ರಹಾರ_ಸರ್ಕಲ್: ಬಡಗಿ ಅಂದರೆ ಅವಮಾನವಾ? ನಮ್ಮ ತಾತ ಬಡಗಿ.

ಬೀಟೆಮರ: ಅವಮಾನ ಅಂದವರು ಯಾರು? ಕೆಲಸ ಬೇರೆ ಅಂದೆ.

ಅಗ್ರಹಾರ_ಸರ್ಕಲ್: ಅಂದ ಧಾಟಿ ನೋಡಿಕೊಳ್ಳಿ.

ಮಂಡ್ಯದ_ಹುಡುಗ: ಅಣ್ಣಾ, ನಾನು ಕೇಳಿದ್ದು ಎಷ್ಟು ಕೊಡಬೇಕು ಅಂತ...

ಕೀಫ್ರೇಮ್_ಕುವೆಂಪುನಗರ: ಮೊದಲು ಯುಪಿಎಸ್ ಹಾಕಿಸಿ.

ಶನಿವಾರದ_ಎಡಿಟರ್: ನಮ್ಮವರು ಕ್ಲಾಸಿಗೆ 800 ತಗೊಳ್ಳುತ್ತಿದ್ದರು. ಅವತ್ತೇ, ಕೈಗೇ.

ಬೀಟೆಮರ: ಅವತ್ತೇ ಕೊಡುತ್ತಿದ್ದರಾ? ಅದು ಯಾವ ಸಂಸ್ಥೆ, ಸ್ವಲ್ಪ ಹೇಳಮ್ಮ.