ಲೇಆಫ್ ಆದ ಗೆಳೆಯ ಫೋನಿಗೆ ಸಿಗುತ್ತಿಲ್ಲ. ಪೊಲೀಸರಿಗೆ ಹೇಳಿದರೆ ಅವನ ವೀಸಾಗೆ ತೊಂದರೆಯೇ?

ಹೊಂಗೆನೆರಳು (ಪ್ರಶ್ನೆ)

ನಾನಿರುವುದು ನ್ಯೂಜೆರ್ಸಿ, ಗೆಳೆಯ ಡಲ್ಲಾಸ್ ಕಡೆ. ಇಬ್ಬರೂ ಎಚ್-1ಬಿ ಕೆಲಸದ ವೀಸಾದಲ್ಲಿದ್ದೇವೆ. ಅವನಿಗೆ ಕಳೆದ ತಿಂಗಳು ಲೇಆಫ್ ಆಯಿತು. ಈಗ ಕೆಲವು ದಿನಗಳಿಂದ ಫೋನ್ ಸೀದಾ ವಾಯ್ಸ್‌ಮೇಲ್‌ಗೆ ಹೋಗುತ್ತಿದೆ, ವಾಟ್ಸಾಪ್‌ನಲ್ಲಿ ಒಂದೇ ಟಿಕ್. ಒಬ್ಬನೇ ಇರುವವನು. ಊರಲ್ಲಿ ತಂದೆ ತಾಯಿಗೆ ವಯಸ್ಸಾಗಿದೆ, ಏನೂ ಗೊತ್ತಿಲ್ಲದೆ ಅವರಿಗೆ ಫೋನ್ ಮಾಡಿ ಗಾಬರಿ ಹುಟ್ಟಿಸಲು ಮನಸ್ಸಿಲ್ಲ.

ಪೊಲೀಸರಿಗೆ ಹೇಳಿದರೆ ಅವನ ಸ್ಟೇಟಸ್‌ಗೆ ಏನಾದರೂ ಆಗುತ್ತದಾ? ಕೆಲಸ ಹೋದ ಮೇಲೆ ಇಲ್ಲಿರಲು ಸಿಗುವ ಅವನ 60 ದಿನ ಎಲ್ಲಿಂದ ಎಣಿಸಬೇಕು? ಇನ್ನೊಂದು ನನ್ನದು. ಪಾಸ್‌ಪೋರ್ಟ್‌ನಲ್ಲಿರುವ ನನ್ನ ವೀಸಾ ಸ್ಟಾಂಪ್ ಅವಧಿ ಮುಗಿದಿದೆ, ಐ-797 (ಎಚ್-1ಬಿ ಮಂಜೂರಾತಿ ಪತ್ರ) ಮಾತ್ರ ಇನ್ನೂ ಚಾಲ್ತಿಯಲ್ಲಿದೆ. ಡಲ್ಲಾಸ್‌ಗೆ ವಿಮಾನದಲ್ಲಿ ಹೋಗಿ ಬರಬಹುದೇ?

ಸುಮ್ನಿರಪ್ಪ

ಪೊಲೀಸ್ ಗೀಲೀಸ್ ಅಂತ ಹೋಗ್ಬೇಡಿ ಗುರುಗಳೇ. ಕಾಲ ಸರಿ ಇಲ್ಲ. ಕೆಲಸ ಹೋದ ಬೇಜಾರಿಗೆ ಫೋನ್ ಆಫ್ ಮಾಡಿರ್ತಾರೆ, ಒಂದು ವಾರ ಬಿಟ್ಟು ನೋಡಿ.

ಕೌಂಟರ್ ನಂಬರ್ ಮೂರು

ಒಂದು ವಾರ ಬಿಡುವ ಮಾತು ಬೇಡ. ಒಂಟಿಯಾಗಿರುವ ಮನುಷ್ಯ ಬಾತ್‌ರೂಮಿನಲ್ಲಿ ಜಾರಿ ಬಿದ್ದಿದ್ದರೂ ಹೊರಗಿನವರಿಗೆ ಕಾಣುವುದು ಇದೇ ಒಂದು ಟಿಕ್.

ಆ ಟಿಕ್ ಹೇಳುವುದು ಸಂದೇಶ ಅವನ ಫೋನಿಗೆ ತಲುಪಿಲ್ಲ ಎಂದಷ್ಟೇ. ಫೋನ್ ಆಫ್ ಆಗಿರಬಹುದು, ನೆಟ್ ಇಲ್ಲದಿರಬಹುದು, ನಿಮ್ಮನ್ನು ಬ್ಲಾಕ್ ಮಾಡಿರಲೂಬಹುದು. ಇನ್ನೊಬ್ಬ ಗೆಳೆಯನಿಂದ ಒಂದು ಮೆಸೇಜ್ ಹಾಕಿಸಿ ನೋಡಿದರೆ ಬ್ಲಾಕ್ ಹೌದೋ ಅಲ್ಲವೋ ಗೊತ್ತಾಗುತ್ತದೆ. ಕರೆ ಮಾಡಿದಾಗ 'ಈ ನಂಬರ್ ಸೇವೆಯಲ್ಲಿಲ್ಲ' ಎಂದು ಬಂದರೆ ಕತೆ ಬೇರೆ, ಲೈನನ್ನೇ ಕ್ಯಾನ್ಸಲ್ ಮಾಡಿ ಊರಿಗೆ ಹೊರಟಿರುವ ಸಾಧ್ಯತೆ ಹೆಚ್ಚು. ಲೇಆಫ್ ಆದಮೇಲೆ ಯಾರಿಗೂ ಹೇಳದೆ ಊರಿಗೆ ಹೋಗುವವರು ಕಡಿಮೆಯೇನಿಲ್ಲ. ಹಾಗಾಗಿ ಊರಿಗೆ ಒಂದು ಫೋನ್ ಬೇಕೇ ಬೇಕು, ಆದರೆ ಅಪ್ಪ ಅಮ್ಮನಿಗಲ್ಲ. ಅಣ್ಣನೋ ತಂಗಿಯೋ ಭಾವನೋ ಇದ್ದೇ ಇರುತ್ತಾರೆ, ಅವರನ್ನು ಕೇಳಿ. ಮುಂದೆ ಭಾರತದ ಕಾನ್ಸುಲೇಟ್‌ಗೆ ಬರೆಯಬೇಕಾಗಿ ಬಂದರೂ ಕುಟುಂಬದವರ ಸಹಿಗೇ ತೂಕ.

ಊರಿಗೂ ಬಂದಿಲ್ಲ ಎಂದರೆ ಅವನ ಅಪಾರ್ಟ್‌ಮೆಂಟಿನ ಲೀಸಿಂಗ್ ಆಫೀಸಿಗೆ ಕರೆ ಮಾಡಿ. ಕಾರು ಪಾರ್ಕಿಂಗ್‌ನಲ್ಲಿ ಇದೆಯೇ, ಮೇಲ್‌ಬಾಕ್ಸ್ ತುಂಬಿ ತುಳುಕುತ್ತಿದೆಯೇ, ಬಾಗಿಲಲ್ಲಿ ಪಾರ್ಸೆಲ್ ಬಿದ್ದಿದೆಯೇ ಎಂದು ನೋಡಲು ಹೇಳಿ. ಒಳಗಿನ ಮಾಹಿತಿ ಕೊಡಲಾರರು, ಬಾಗಿಲು ತಟ್ಟಿ ಬರಲು ಸಾಮಾನ್ಯವಾಗಿ ಒಪ್ಪುತ್ತಾರೆ.

ಅಲ್ಲಿಗೂ ಸುಳಿವಿಲ್ಲದಿದ್ದರೆ ಅವತ್ತೇ ಪೊಲೀಸರಿಗೆ ಹೇಳಿ ವೆಲ್‌ಫೇರ್ ಚೆಕ್ (ಮನೆಗೆ ಹೋಗಿ ಕ್ಷೇಮವೇ ಎಂದು ನೋಡಿ ಬರುವುದು) ಮಾಡಿಸಿ. ಎಡವುವುದು ಇಲ್ಲೇ. ನೀವು ನ್ಯೂಜೆರ್ಸಿಯಿಂದ 911 ಒತ್ತಿದರೆ ಕರೆ ಹೋಗುವುದು ನಿಮ್ಮ ಊರಿನ ಕೇಂದ್ರಕ್ಕೆ. ಅವನಿರುವ ನಗರದ ಪೊಲೀಸ್ ಇಲಾಖೆಯ ಹತ್ತಂಕಿಯ ನಾನ್-ಎಮರ್ಜೆನ್ಸಿ ನಂಬರ್ ಹುಡುಕಿ ಅಲ್ಲಿಗೆ ಮಾಡಬೇಕು. ಅದರಲ್ಲೂ 'ಡಲ್ಲಾಸ್ ಕಡೆ' ಎಂದರೆ ಸಾಲದು. ಅರ್ವಿಂಗ್, ಪ್ಲೇನೋ, ಫ್ರಿಸ್ಕೋ ಎಲ್ಲಕ್ಕೂ ಬೇರೆ ಬೇರೆ ಪೊಲೀಸ್. ಅಂಚೆ ವಿಳಾಸದಲ್ಲಿ ಡಲ್ಲಾಸ್ ಎಂದಿದ್ದರೂ ಮನೆ ಇನ್ನೊಂದು ನಗರದ ಗಡಿಯೊಳಗೆ ಇರಬಹುದು. ಯಾವ ನಗರಕ್ಕೂ ಸೇರದ ಜಾಗವಾದರೆ ಕೌಂಟಿಯ ಶೆರಿಫ್ ಕಚೇರಿ.

ಕರೆ ಮಾಡುವ ಮೊದಲು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಪೂರ್ತಿ ಹೆಸರು, ಹುಟ್ಟಿದ ದಿನ, ಫ್ಲಾಟ್ ನಂಬರ್ ಸಮೇತ ವಿಳಾಸ, ಗೇಟ್ ಕೋಡ್ ಗೊತ್ತಿದ್ದರೆ ಅದು, ಕಾರಿನ ಬಣ್ಣ ಮತ್ತು ಪ್ಲೇಟ್, ಸಕ್ಕರೆ ಕಾಯಿಲೆ ಅಥವಾ ಮೂರ್ಛೆಯಂಥದ್ದೇನಾದರೂ ಇದ್ದರೆ ಅದು, ಕೊನೆಗೆ ಯಾವಾಗ ಮಾತಾಡಿದ್ದು. ಮನಸ್ಸು ಕುಗ್ಗಿತ್ತು, ಸಾಯುವ ಮಾತಾಡಿದ್ದ ಎಂದಿದ್ದರೆ ಮುಚ್ಚಿಡಬೇಡಿ. ಒಳಗಿರುವವರ ಜೀವಕ್ಕೆ ಅಪಾಯವಿದೆ ಎನ್ನಲು ಕಾರಣ ಸಿಗದಿದ್ದರೆ ಪೊಲೀಸರು ಬಾಗಿಲು ಒಡೆಯುವುದಿಲ್ಲ, ತಟ್ಟಿ ವಾಪಸ್ ಹೋಗುತ್ತಾರೆ.

ವೀಸಾದ ಭಯದ ವಿಚಾರ. ವೆಲ್‌ಫೇರ್ ಚೆಕ್‌ಗೆ ಬಂದವರು ನೋಡುವುದು ಮನುಷ್ಯ ಚೆನ್ನಾಗಿದ್ದಾನೋ ಇಲ್ಲವೋ ಎಂದು. ಎಚ್-1ಬಿ, ಲೇಆಫ್ ದಿನಾಂಕ, ಐ-94 (ಎಲ್ಲಿಯವರೆಗೆ ಇರಬಹುದು ಎಂದು ಹೇಳುವ ಪ್ರವೇಶ ದಾಖಲೆ) ಇವನ್ನೆಲ್ಲ ನೀವಾಗಿ ಎತ್ತುವ ಅಗತ್ಯವೇ ಇಲ್ಲ. 'ಕೆಲಸ ಹೋದ ಮೇಲೆ ಒಬ್ಬನೇ ಇದ್ದ, ಫೋನ್ ಆಫ್' ಎಂದರೆ ಸಾಕು. 60 ದಿನದೊಳಗೆ ಇದ್ದು ಐ-94 ಕೂಡ ಮುಗಿಯದಿದ್ದರಂತೂ ಅವನು ಕಾನೂನುಬದ್ಧವಾಗಿಯೇ ಇದ್ದಾನೆ. ಅವನು ಚೆನ್ನಾಗಿದ್ದು 'ನನ್ನ ವಿಷಯ ಯಾರಿಗೂ ಹೇಳಬೇಡಿ' ಎಂದರೆ ಪೊಲೀಸರು ನಿಮಗೆ 'ಸುರಕ್ಷಿತವಾಗಿದ್ದಾರೆ' ಎಂದಷ್ಟೇ ತಿಳಿಸುತ್ತಾರೆ. ಅಷ್ಟಕ್ಕೇ ಬಿಡಿ.

ಮನೆಯಲ್ಲಿ ಇಲ್ಲ ಎಂದು ಖಚಿತವಾದರೆ ಕಾಣೆಯಾದ ದೂರು ಕೊಡಿ. 24 ಗಂಟೆ ಕಾಯಬೇಕು ಎನ್ನುವುದು ಸಿನಿಮಾದ ನಿಯಮ. ಜೊತೆಗೇ ಹತ್ತಿರದ ಆಸ್ಪತ್ರೆಗಳ ಆಪರೇಟರ್‌ಗೆ ಫೋನ್ ಮಾಡಿ ಪೂರ್ತಿ ಹೆಸರು ಹೇಳಿ ಕೇಳಿ. ರೋಗಿ ಬೇಡ ಎನ್ನದಿದ್ದರೆ, ದಾಖಲಾಗಿದ್ದಾರೆಯೇ, ಸ್ಥಿತಿ ಹೇಗಿದೆ ಎಂದು ಒಂದು ಮಾತಿನಲ್ಲಿ ಹೇಳಲು ಅಲ್ಲಿನ ಗೌಪ್ಯತೆ ಕಾನೂನು ಅಡ್ಡಿ ಮಾಡುವುದಿಲ್ಲ. ಮನೋರೋಗ ವಿಭಾಗದವರು ಮಾತ್ರ ಹೌದು ಅಲ್ಲ ಎರಡೂ ಹೇಳುವುದಿಲ್ಲ.

ಕೊನೆಗೆ ಬಂಧನದ ಸಾಧ್ಯತೆ. ಮೊದಲು ಕೌಂಟಿ ಜೈಲಿನ ಆನ್‌ಲೈನ್ ಪಟ್ಟಿ ನೋಡಿ. ಅರ್ವಿಂಗ್ ಆದರೆ ಡಲ್ಲಾಸ್ ಕೌಂಟಿ. ಫ್ರಿಸ್ಕೋ ಕಾಲಿನ್ ಮತ್ತು ಡೆಂಟನ್ ಎರಡು ಕೌಂಟಿಗಳಲ್ಲಿ ಹರಡಿದೆ, ಎರಡನ್ನೂ ನೋಡಬೇಕು. ಆಮೇಲೆ ವಲಸೆ ಬಂಧನ ನೋಡಿಕೊಳ್ಳುವ ಐಸ್ ಇಲಾಖೆಯ ಡಿಟೇನಿ ಲೊಕೇಟರ್ (ಬಂಧಿತರನ್ನು ಹುಡುಕುವ ವೆಬ್‌ಪುಟ). ಅದರಲ್ಲಿ ಏ-ನಂಬರ್ (ವಲಸೆ ಇಲಾಖೆ ವಿದೇಶಿಯರಿಗೆ ಕೊಡುವ ಗುರುತಿನ ಸಂಖ್ಯೆ) ಮತ್ತು ಹುಟ್ಟಿದ ದೇಶ ಕೊಟ್ಟು ಹುಡುಕಬಹುದು, ಅಥವಾ ಹೆಸರು ಮತ್ತು ದೇಶ ಕೊಟ್ಟು. ಹೆಸರು ಒಂದಕ್ಷರವೂ ಆಚೀಚೆ ಆಗಬಾರದು, ನಮ್ಮವರು ಸೋಲುವುದು ಇಲ್ಲೇ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಇದ್ದವರಿಗೆ ಅಮೆರಿಕದ ದಾಖಲೆಯಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ ಎಂದರ್ಥ) ಎಂಬ ಮೂರಕ್ಷರ ಕೂತಿರುತ್ತದೆ. ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು ಸೇರಿಸಿದವರದ್ದು ಇನ್ನೊಂದು ರೀತಿ. ಎಲ್ಲ ಜೋಡಣೆಗಳನ್ನೂ ಹಾಕಿ ನೋಡಿದ ಮೇಲಷ್ಟೇ 'ಇಲ್ಲ' ಎನ್ನಿ.

ಡಲ್ಲಾಸ್ ಇರುವ ಟೆಕ್ಸಾಸ್ ಬರುವುದು ಹ್ಯೂಸ್ಟನ್ ಕಾನ್ಸುಲೇಟ್ ವ್ಯಾಪ್ತಿಗೆ, ನಿಮಗೆ ಹತ್ತಿರ ಎಂದು ನ್ಯೂಯಾರ್ಕ್‌ಗೆ ಬರೆದರೆ ಸಮಯ ಹಾಳು. ಮನೆಯವರು ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿಯೂ ದೂರು ಹಾಕಲಿ, ಪಾಸ್‌ಪೋರ್ಟ್ ಪ್ರತಿ ಮತ್ತು ಪೊಲೀಸ್ ದೂರಿನ ಸಂಖ್ಯೆ ಜೊತೆಗಿರಲಿ. ಭಾರತೀಯನನ್ನು ಹಿಡಿದರೆ ಕಾನ್ಸುಲೇಟ್‌ಗೆ ತಾನಾಗಿಯೇ ಸುದ್ದಿ ಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗಿಲ್ಲ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಂತೆ ಆ ಹಕ್ಕನ್ನು ಬಂಧಿತನಿಗೆ ತಿಳಿಸಬೇಕು, ಅವನು ಕೇಳಿಕೊಂಡರೆ ಸುದ್ದಿ ಹೋಗುತ್ತದೆ. ಕೇಳದೆಯೇ ತಿಳಿಸಲೇಬೇಕಾದ ದೇಶಗಳ ಪಟ್ಟಿ ಅಮೆರಿಕದ ಬಳಿ ಬೇರೆ ಇದೆ, ಅದರಲ್ಲಿ ಭಾರತ ಇಲ್ಲ.

ಬೇಡದ ಕೆಲಸ ಒಂದು: ಅವನ ಪಾಸ್‌ಪೋರ್ಟ್ ಫೋಟೋವನ್ನು ವಾಟ್ಸಾಪ್ ಗುಂಪುಗಳಿಗೆ ಹಂಚುವುದು. ಮುಖದ ಫೋಟೋ, ಕಾರಿನ ವಿವರ, ಪೊಲೀಸ್ ಇಲಾಖೆಯ ನಂಬರ್ ಸಾಕು.

ಗ್ರೇಸ್‌ಮಾರ್ಕ್ಸ್

ಮೇಲಿನವರು ಹುಡುಕುವುದನ್ನು ಹೇಳಿದ್ದಾರೆ, ನಾನು ದಿನಾಂಕಗಳನ್ನು ಹೇಳುತ್ತೇನೆ.

60 ದಿನ ಶುರುವಾಗುವುದು ಎಚ್‌ಆರ್ ಮೀಟಿಂಗಿಗೆ ಕರೆದ ದಿನದಿಂದಲ್ಲ, ಕೆಲಸ ಕೊನೆಯಾದ ಮರುದಿನದಿಂದ. ಸಾಮಾನ್ಯವಾಗಿ ಸಂಬಳ ಲೆಕ್ಕಕ್ಕೆ ಸಿಕ್ಕ ಕೊನೆಯ ದಿನವನ್ನೇ ಕೆಲಸದ ಕೊನೆಯ ದಿನ ಎಂದು ಯುಎಸ್‌ಸಿಐಎಸ್ (ವಲಸೆ ಅರ್ಜಿಗಳನ್ನು ನೋಡುವ ಇಲಾಖೆ) ಹಿಡಿಯುತ್ತದೆ. ಕೆಲಸದಿಂದ ತೆಗೆದಾಗ ಕೊಡುವ ಸೆವರೆನ್ಸ್ ಹಣ ಎಷ್ಟು ತಿಂಗಳದ್ದು ಬಂದರೂ ಈ ಎಣಿಕೆ ಹಿಗ್ಗುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು: 60 ದಿನ ಅಥವಾ ಐ-94 ಮುಗಿಯುವ ದಿನ, ಯಾವುದು ಮೊದಲೋ ಅದು. ಐ-94ನಲ್ಲಿ 20 ದಿನ ಉಳಿದಿದ್ದರೆ ಅವನಿಗಿರುವುದು 20 ದಿನವೇ. ಅಷ್ಟರೊಳಗೆ ಹೊಸ ಕಂಪನಿ ಎಚ್-1ಬಿ ಅರ್ಜಿ ಹಾಕಬೇಕು, ಇಲ್ಲವೇ ಐ-539 ಅರ್ಜಿಯಲ್ಲಿ ಬಿ-2ಗೋ (ಪ್ರವಾಸಿ ಸ್ಟೇಟಸ್) ಬೇರೆಯದಕ್ಕೋ ಬದಲಾವಣೆ ಕೇಳಬೇಕು, ಇಲ್ಲವೇ ದೇಶ ಬಿಡಬೇಕು. ದೇಶ ಬಿಡುವುದಾದರೆ ವಾಪಸ್ ಟಿಕೆಟಿನ ನ್ಯಾಯವಾದ ಖರ್ಚು ಕೆಲಸದಿಂದ ತೆಗೆದ ಕಂಪನಿಯದ್ದು. ಇದನ್ನು ಕೇಳಿ ಪಡೆಯುವವರು ಬಹಳ ಕಡಿಮೆ.

60 ದಾಟಿದರೆ ಮರುದಿನವೇ ಅಮೆರಿಕಕ್ಕೆ ಮತ್ತೆ ಬರದಂತೆ ನಿಷೇಧ ಬೀಳುತ್ತದೆ ಎಂಬ ಭಯವೂ ಓಡಾಡುತ್ತಿದೆ. 60 ದಾಟಿದರೆ ಸ್ಟೇಟಸ್ ಹೋಗುತ್ತದೆ, ಅದು ಸಣ್ಣ ವಿಷಯವಲ್ಲ, ಅದೊಂದೇ ಕಾರಣಕ್ಕೆ ಹೊರಹಾಕುವ ಕ್ರಮ ಶುರು ಮಾಡಬಹುದು. ಆದರೆ 3 ವರ್ಷ ಮತ್ತು 10 ವರ್ಷದ ನಿಷೇಧಕ್ಕೆ ಲೆಕ್ಕವಾಗುವ ಅನಧಿಕೃತ ವಾಸದ ಎಣಿಕೆ ಸಾಮಾನ್ಯವಾಗಿ ಶುರುವಾಗುವುದು ಐ-94 ದಿನಾಂಕ ಕಳೆದ ಮೇಲೆ, ಅಥವಾ ಯುಎಸ್‌ಸಿಐಎಸ್ ಇಲ್ಲವೇ ವಲಸೆ ನ್ಯಾಯಾಧೀಶರು ಉಲ್ಲಂಘನೆಯಾಗಿದೆ ಎಂದು ತೀರ್ಮಾನಿಸಿದ ಮೇಲೆ. 180 ದಿನ ಮೀರಿ ಒಂದು ವರ್ಷದೊಳಗೆ ಹೊರಟರೆ 3, ಒಂದು ವರ್ಷ ತುಂಬಿದರೆ 10. ಗೆಳೆಯ ಆಸ್ಪತ್ರೆಯಲ್ಲಿ ಸಿಕ್ಕಿ ದಿನ ಮೀರಿಹೋಗುವಂತಿದ್ದರೆ ದಾಖಲಾದ ಮತ್ತು ಬಿಡುಗಡೆಯಾದ ತಾರೀಖಿರುವ ಕಾಗದ ಎತ್ತಿಡಿ. ತಡವಾದ ಅರ್ಜಿಯನ್ನು ಅಸಾಧಾರಣ ಕಾರಣಕ್ಕೆ ಮನ್ನಿಸುವ ಅವಕಾಶ ನಿಯಮದಲ್ಲಿದೆ. ಖಾತರಿಯಿಲ್ಲ, ವಕೀಲರ ಮೂಲಕವೇ ಹೋಗಬೇಕು.

ನಿಮ್ಮದು ಸುಲಭ. ವೀಸಾ ಸ್ಟಾಂಪ್ ದೇಶದೊಳಗೆ ಬರಲು ಬೇಕಾದದ್ದು, ಇರಲು ಬೇಕಾದದ್ದು ಐ-94. ಡಲ್ಲಾಸ್ ದೇಶದೊಳಗಿನ ಪ್ರಯಾಣ. ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ತೋರಿಸಿ ಸೆಕ್ಯೂರಿಟಿ ದಾಟಬಹುದು. ಜೊತೆಗೆ ಐ-94 ಮುದ್ರಿಸಿ ಇಟ್ಟುಕೊಳ್ಳಿ, 18 ತುಂಬಿದ ವಿದೇಶಿಯರು ನೋಂದಣಿ ದಾಖಲೆ (ನಿಮಗೆ ಐ-94 ಅದೇ) ಸದಾ ಹೊತ್ತಿರಬೇಕು ಎಂಬುದು ಹಳೆಯ ಕಾನೂನೇ.

ಒಂದು ಮಾತ್ರ ಹೊರಡುವ ಮೊದಲು ನೋಡಿ: ಸಿಬಿಪಿ (ಗಡಿ ತಪಾಸಣೆ ಇಲಾಖೆ) ವೆಬ್‌ಸೈಟಿನಲ್ಲಿ ಐ-94 ದಿನಾಂಕ. ಕಳೆದ ಸಲ ಬಂದಾಗ ಪಾಸ್‌ಪೋರ್ಟ್ ಮುಗಿಯುವ ದಿನಾಂಕ ಹತ್ತಿರವಿದ್ದರೆ ಅಧಿಕಾರಿ ಅಲ್ಲಿಗೇ ಕತ್ತರಿಸಿರಬಹುದು. ಐ-797ನಲ್ಲಿ ಎರಡು ವರ್ಷ ಇದ್ದರೂ, ಅದು ಮಂಜೂರಾದ ನಂತರ ನೀವು ಹೊರಗೆ ಹೋಗಿ ಬಂದಿದ್ದರೆ ನಡೆಯುವುದು ಕೊನೆಯಲ್ಲಿ ಸಿಕ್ಕ ಐ-94ರ ದಿನಾಂಕ. ಪಾಸ್‌ಪೋರ್ಟ್ ನವೀಕರಿಸಿದ ಮಾತ್ರಕ್ಕೆ ಅದು ತಾನಾಗಿ ಮುಂದೆ ಹೋಗುವುದಿಲ್ಲ. ಆ ದಿನಕ್ಕೆ ಮೊದಲೇ ಕಂಪನಿಯಿಂದ ಐ-129 (ಎಚ್-1ಬಿ ವಿಸ್ತರಣೆ ಅರ್ಜಿ) ಹಾಕಿಸಬೇಕು, ಅಥವಾ ಹೊರಗೆ ಹೋಗಿ ಬರಬೇಕು. ನಿಮ್ಮ ಸ್ಟಾಂಪ್ ಮುಗಿದಿರುವುದರಿಂದ ಎರಡನೆಯದು ಎಂದರೆ ವೀಸಾ ಸಂದರ್ಶನವೂ ಬಂತು.

ಹೊಂಗೆನೆರಳು

ಲೀಸಿಂಗ್ ಆಫೀಸಿಗೆ ಮಾತಾಡಿದೆ, ಕಾರು ಅಲ್ಲೇ ಇದೆಯಂತೆ. ಪೊಲೀಸರಿಗೆ ಈಗ ಮಾಡುತ್ತಿದ್ದೇನೆ. ಏ-ನಂಬರ್ ಎಲ್ಲಿ ಸಿಗುತ್ತದೆ? ಅವನ ಹಳೆಯ ಒಪಿಟಿ ಕಾರ್ಡಿನ (ವಿದ್ಯಾರ್ಥಿಯಾಗಿದ್ದಾಗ ಸಿಕ್ಕ ಕೆಲಸದ ಅನುಮತಿ ಕಾರ್ಡ್) ಫೋಟೋ ನನ್ನಲ್ಲಿದೆ.

ಕೌಂಟರ್ ನಂಬರ್ ಮೂರು

ಕಾರು ಅಲ್ಲೇ ಇದೆ ಎಂಬುದನ್ನು ಪೊಲೀಸರಿಗೆ ಮೊದಲ ಸಾಲಿನಲ್ಲೇ ಹೇಳಿ, ಒಳಗೇ ಇರಬಹುದು ಎನ್ನಲು ಅದು ಬಲವಾದ ಕಾರಣ. ಲೀಸಿಂಗ್ ಆಫೀಸಿನವರ ನಂಬರನ್ನೂ ಕೊಡಿ, ಕೀಲಿ ಅವರ ಬಳಿ ಇರುತ್ತದೆ.

ಒಪಿಟಿ ಕಾರ್ಡಿನ ಮುಂಭಾಗದಲ್ಲಿ 'ಯುಎಸ್‌ಸಿಐಎಸ್ ನಂಬರ್' ಎಂದು ಮೂರು ಮೂರಾಗಿ ಬಿಡಿಸಿ ಬರೆದ ಒಂಬತ್ತು ಅಂಕಿಗಳಿವೆಯಲ್ಲ, ಅದೇ ಏ-ನಂಬರ್. ಪಕ್ಕದಲ್ಲಿ ಮೂರು ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಉದ್ದನೆಯದು ಕಾರ್ಡ್ ನಂಬರ್, ಅದನ್ನು ಹಾಕಿದರೆ ಏನೂ ಸಿಗುವುದಿಲ್ಲ. ಎಂಟೇ ಅಂಕಿ ಇದ್ದರೆ ಮುಂದೆ ಒಂದು ಸೊನ್ನೆ ಸೇರಿಸಿ. ಹುಟ್ಟಿದ ದೇಶ ಕೇಳುವಲ್ಲಿ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಕೊಡಿ. ಗಲ್ಫ್‌ನಲ್ಲಿ ಹುಟ್ಟಿದವರಿಗೆ ಅಲ್ಲಿ ಇಂಡಿಯಾ ಎಂದು ಹಾಕಿದರೆ ತಪ್ಪಾಗುತ್ತದೆ.