ಸಹಾಯ ಬೇಕು: ‘ಏಚಲೆ’ ಹೆಸರಿನ ಮೂಲ, ಅರ್ಥ

ಎಲ್ಲರಿಗೂ ನಮಸ್ಕಾರ. ನಾವು ಮಂಡ್ಯದವರು. ಮಗಳ ನಾಮಕರಣ ಹತ್ತಿರ ಬಂತು. ನಮ್ಮ ಮಾವನವರಿಗೆ ಹೊಯ್ಸಳರೆಂದರೆ ಪ್ರಾಣ. ಅವರು ಸೂಚಿಸಿದ ಹೆಸರು ‘ಏಚಲೆ’.

ಬಿಟ್ಟಿದೇವ ವಿಷ್ಣುವರ್ಧನನ ತಾಯಿ, ಎರೆಯಂಗನ ರಾಣಿ ಏಚಲದೇವಿ. ಎರಡನೇ ವೀರಬಲ್ಲಾಳನ ತಾಯಿಯ ಹೆಸರೂ ಏಚಲದೇವಿಯೇ. ಅಂದರೆ ಆ ಕಾಲಕ್ಕೆ ಇದೇನು ಅಪರೂಪದ ಹೆಸರಲ್ಲ, ಅಲ್ವಾ? ಶಾಂತಲೆ ಮಾತ್ರ ಉಳಿದುಕೊಂಡಳು, ಏಚಲೆ ಮರೆತೇ ಹೋದಳು.

ನನಗಂತೂ ಹೆಸರು ತುಂಬಾ ಇಷ್ಟವಾಗಿದೆ. ತೊಂದರೆ ಮನೆಯವರದ್ದು. ಕೇಳಿದವರೆಲ್ಲ ‘ಈಚಲ ಮರಾನಾ?’ ಅಂತ ನಗುತ್ತಾರೆ. ನಮ್ಮ ಕಡೆ ಈಚಲು ಅಂದರೆ ಮೊದಲು ನೆನಪಾಗೋದು ಹೆಂಡ! ಅತ್ತೆ ಆಗಲೇ ‘ಸುಮ್ನೆ ಲಕ್ಷ್ಮಿ ಅಂತಿಡಿ’ ಅಂದಾಯಿತು.

ವಿಷ್ಣುವರ್ಧನನ ಸೇನಾಪತಿ ಗಂಗರಾಜನ ತಂದೆಯ ಹೆಸರು ಏಚ, ಏಚಿರಾಜ ಅಂತಲೂ ಹೇಳುತ್ತಾರೆ. ಹಾಗಾದರೆ ಏಚಲೆ ಅದರ ಹೆಣ್ಣುರೂಪವೇ? ‘ಏಚ’ ಅಚ್ಚಗನ್ನಡ ಪದವೋ, ಸಂಸ್ಕೃತದ ಯಾವುದೋ ಹೆಸರು ಸವೆದು ಹೀಗಾಯಿತೋ? ಹಳಗನ್ನಡ, ಶಾಸನ ಓದಿದವರು ದಯವಿಟ್ಟು ತಿಳಿಸಿ. ಯಾವ ಶಾಸನದಲ್ಲಿದೆ ಅಂತಲೂ ಹೇಳಿದರೆ ಅತ್ತೆಗೆ ತೋರಿಸುತ್ತೇನೆ. ಈ ಹೆಸರಿನ ಮಗು ನಿಮಗೆ ಗೊತ್ತಿದ್ದರೆ, ಮನೆಯಲ್ಲಿ ಏನಂತ ಕರೆಯುತ್ತಾರೆ?