ಕಡಲುಕ್ಕಿ ಬಾವಿಗೆ ಉಪ್ಪುನೀರು ನುಗ್ಗಿದರೆ ಎಷ್ಟು ಸಲ ಖಾಲಿ ಮಾಡಬೇಕು?

ಪ್ರಶ್ನೆ: ಪಡುಬಿದ್ರಿ ಕಡೆ, ಹೊಯಿಗೆ (ಮರಳು) ನೆಲದ ಬಾವಿ. ವ್ಯಾಸ 2 ಮೀಟರ್, ನೀರು 2.5 ಮೀಟರ್. ಚಂಡಮಾರುತಕ್ಕೆ ಕಡಲು ಉಕ್ಕಿ ಬಾವಿಕಟ್ಟೆ ದಾಟಿ ಒಳಗೆ ಬಿದ್ದಿದೆ. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) ಲೀಟರಿಗೆ 4,200 ಮಿಲಿಗ್ರಾಂ. ದಿನಾ ಪಂಪು ಹಾಕಿ ಖಾಲಿ ಮಾಡಿದರೆ ಸಿಹಿಯಾದೀತೇ? ಬ್ಲೀಚಿಂಗ್ ಪುಡಿ ಎಷ್ಟು ಹಾಕಬೇಕು?

ಉತ್ತರ 1: ದಿನಾ ಖಾಲಿ ಮಾಡಬೇಡಿ ಮಾರಾಯ್ರೆ, ಅದರಿಂದಲೇ ಬಾವಿ ಕೆಡುವುದು. ಹೊಯಿಗೆಯೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಮುದ್ರಮಟ್ಟಕ್ಕಿಂತ ಮೇಲೆ ಒಂದು ಅಡಿ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಅಡಿ ಇರುತ್ತದೆ ಎಂಬುದು ಲೆಕ್ಕ. ನೀವು ಮೇಲಿನದನ್ನು ಎಳೆದಷ್ಟೂ ಅಡಿಯ ಉಪ್ಪು ಮೇಲೇರುತ್ತದೆ. 2004ರ ಸುನಾಮಿಯ ನಂತರ ಶ್ರೀಲಂಕಾದ ಪೂರ್ವ ಕರಾವಳಿಯಲ್ಲಿ ಮತ್ತೆ ಮತ್ತೆ ಪಂಪು ಮಾಡಿದ ಕೆಲವು ಬಾವಿಗಳಲ್ಲಿ ಉಪ್ಪು ಇನ್ನೂ ಹೆಚ್ಚಿತು.

ಸುತ್ತಲಿನ ನೀರು ಇಳಿದ ಮೇಲೆ ಒಂದೇ ಸಲ, ನಿಧಾನವಾಗಿ ತೆಗೆಯಿರಿ. ಉಪ್ಪುನೀರು ಭಾರ, ತಳದಲ್ಲಿರುತ್ತದೆ. ಪೈಪನ್ನು ತಳದ ಹತ್ತಿರ ಇಳಿಸಿ. ಮಟ್ಟ ತೀರಾ ಕುಸಿದರೆ ಹೊಯಿಗೆ ಸರಿದು ಬಾವಿಯ ಗೋಡೆಯ ರಿಂಗು ಜಾರಬಹುದು. ತೆಗೆದ ನೀರನ್ನು ದೂರಕ್ಕೆ, ಕಡಲ ಕಡೆಗೇ ಬಿಡಿ. ಅಂಗಳಕ್ಕೆ ಬಿಟ್ಟರೆ ಅದೇ ನೀರು ಇಂಗಿ ಮರಳಿ ಬಾವಿಗೇ ಬರುತ್ತದೆ. ಡೀಸೆಲ್ ಪಂಪನ್ನು ಮಾತ್ರ ಬಾವಿಯೊಳಗೆ ಇಳಿಸಲೇಬೇಡಿ, ಅದರ ಹೊಗೆಗೆ ಜೀವ ಹೋಗುತ್ತದೆ.

ಉತ್ತರ 2: ಬ್ಲೀಚಿಂಗ್ ಪುಡಿ ರೋಗಾಣು ಕೊಲ್ಲುತ್ತದೆ, ಉಪ್ಪು ತೆಗೆಯುವುದಿಲ್ಲ. ನಿಮ್ಮ ಬಾವಿಯಲ್ಲಿ 3.14 × 1 × 1 × 2.5, ಅಂದರೆ ಸುಮಾರು 7,850 ಲೀಟರ್. 1,000 ಲೀಟರಿಗೆ 2.5 ಗ್ರಾಂನಂತೆ 20 ಗ್ರಾಂ. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಹಾಕಿ ಕೊಡದಿಂದ ಕಲಕಿ. ಇದು ಮಾಮೂಲಿ ಪ್ರಮಾಣ. ನೆರೆ ಹೊಕ್ಕ ಬಾವಿಗೆ ಸಾಲದು ಎಂದೇ ಎಣಿಸಿ. ಒಂದು ಗಂಟೆಯ ನಂತರ ಪರೀಕ್ಷಿಸಿ, ನೀರಿನಲ್ಲಿ ಉಳಿದಿರುವ ಕ್ಲೋರಿನ್ ಲೀಟರಿಗೆ 0.5 ಮಿಲಿಗ್ರಾಂ ಬರುವವರೆಗೆ ಮತ್ತೆ ಹಾಕುತ್ತಾ ಹೋಗಿ. ಹಳೆಯ ಪುಡಿಗೆ ಸತ್ವವಿರುವುದಿಲ್ಲ.

ಪ್ರಶ್ನೆ ಕೇಳಿದವರು: ಹಾಗಾದರೆ ಉಪ್ಪು ಹೋಗುವುದು ಹೇಗೆ?

ಉತ್ತರ 1: ಮಳೆಯಿಂದ. 2021ರ ತೌಕ್ತೆಯಂತೆ ಚಂಡಮಾರುತ ಮೇ ತಿಂಗಳಲ್ಲಿ ಬಂದರೆ ಸಿಹಿನೀರಿನ ಪದರ ತೆಳ್ಳಗಿರುವ ಹೊತ್ತು, ಪೆಟ್ಟು ಜೋರು. ಆದರೆ ಜೂನ್ ಮಳೆ ಹಿಂದೆಯೇ ಇರುತ್ತದೆ. ಮಾಡಿನ ನೀರನ್ನು ಸೋಸಿ ಬಾವಿಯ ಪಕ್ಕ ಇಂಗಿಸಿ. ವಾರಕ್ಕೊಮ್ಮೆ ಟಿಡಿಎಸ್ ಬರೆದಿಡಿ. 2,000 ದಾಟಿದ ನೀರನ್ನು ಕುಡಿಯಬೇಡಿ, ಕುದಿಸಿದರೆ ಉಪ್ಪು ಇನ್ನೂ ಗಟ್ಟಿಯಾಗುತ್ತದೆ. ಮನೆಯ ಆರ್‌ಒ ಯಂತ್ರಗಳೂ ಸಾಮಾನ್ಯವಾಗಿ 2,000ದವರೆಗೆ ಮಾತ್ರ. 4,200ಕ್ಕೆ ಹಾಕಿದರೆ ಒಳಗಿನ ಮೆಂಬ್ರೇನ್ (ಉಪ್ಪು ಸೋಸುವ ಪೊರೆ) ಬೇಗ ಹೋಗುತ್ತದೆ.